ಕನ್ನಂಬಾಡಿಯನ್ನು ಮೇಲಿಂದ ಹುಡುಕುವುದು ಹೇಗೆ: ಗಗನಯಾತ್ರಿಗಳ ಫೋಟೋ ಓದಲು ಒಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ ನಮ್ಮ ಹೈಸ್ಕೂಲಿನ ವಿಜ್ಞಾನ ಕೋಣೆಯಲ್ಲಿ ಒಂದು ದೊಡ್ಡ ಫೋಟೋ ಅಂಟಿಸಿದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಬಾಹ್ಯಾಕಾಶದಿಂದ ಕಂಡ ಕೆಆರ್‌ಎಸ್" ಎಂದು ಬರೆದೆ. ಕೆಆರ್‌ಎಸ್ ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯೇ. ಎಲ್ಲರೂ ನೋಡಿದರು, ಹೊಗಳಿದರು. ಪಾಂಡವಪುರದ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಎರಡು ದಿನ ಅದರ ಮುಂದೆ ಸುಮ್ನೆ ನಿಂತು ಹೋದಳು. ಮೂರನೇ ದಿನ ಬಂದು ಕೇಳಿದಳು, "ಸಾರ್, ಕಟ್ಟೆ ಕೆಳಗೆ ಹೊಳೆ ಎರಡಾಗಬೇಕಲ್ವಾ? ಇದರಲ್ಲಿ ಪಟ್ಣ ಎಲ್ಲಿ?"

ಪಟ್ಣ, ಅಂದರೆ ಶ್ರೀರಂಗಪಟ್ಟಣ, ಎಲ್ಲೂ ಇರಲಿಲ್ಲ. ನಾನು ಹಾಕಿದ್ದು ಕಬಿನಿ ಜಲಾಶಯದ ಫೋಟೋ. ನಾಸಾದ ಪುಟದಲ್ಲಿದ್ದ ಅಕ್ಷಾಂಶ ರೇಖಾಂಶ ನೋಡಿ ಇದು ಮೈಸೂರೇ ಎಂದು ನಂಬಿಬಿಟ್ಟಿದ್ದೆ. ಆ ಸಂಖ್ಯೆಗಳು ಹೇಳುತ್ತಿದ್ದದ್ದು ಫೋಟೋದಲ್ಲಿ ಏನಿದೆ ಎಂಬುದನ್ನಲ್ಲ, ಫೋಟೋ ತೆಗೆದವರು ಆಗ ಎಲ್ಲಿದ್ದರು ಎಂಬುದನ್ನು ಎಂದು ಗೊತ್ತಾಗಿದ್ದು ಆಮೇಲೆ.

ಆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ತಾಲ್ಲೂಕನ್ನು ಗಗನಯಾತ್ರಿಗಳ ಫೋಟೋದಲ್ಲಿ ಹುಡುಕುವುದು, ಅದು ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳುವುದು, ಅವರು ಕೆಲಸ ಮಾಡುವ ಫೋಟೋಗಳನ್ನು ಓದುವುದು, ಕೊನೆಗೆ ಶಾಲೆಯ ಗೋಡೆಗೆ ಹಾಕುವುದು. ಒಂದು ಕಂಪ್ಯೂಟರ್, ಇಂಟರ್ನೆಟ್, ಎರಡು ಮೂರು ಭಾನುವಾರ ಇದ್ದರೆ ಸಾಕು.

ಮೊದಲು ಆ ಕಿಟಕಿಯ ವಿಷಯ

ಉಪಗ್ರಹದ ಚಿತ್ರ ಬೇರೆ, ಗಗನಯಾತ್ರಿ ತೆಗೆದ ಫೋಟೋ ಬೇರೆ. ಮ್ಯಾಪ್‌ನಲ್ಲಿ ನಾವು ನೋಡುವ ಉಪಗ್ರಹ ಚಿತ್ರದಲ್ಲಿ ಉತ್ತರ ಯಾವಾಗಲೂ ಮೇಲೆ ಇರುತ್ತದೆ, ಅಳತೆ ಸರಿಪಡಿಸಿರುತ್ತಾರೆ. ಗಗನಯಾತ್ರಿ ಹಾಗಲ್ಲ. ಬಿಡುವು ಸಿಕ್ಕಾಗ ಕಿಟಕಿಗೆ ಬರುತ್ತಾರೆ, ಕೈಯಲ್ಲಿ ಕ್ಯಾಮೆರಾ ಹಿಡಿದು ಎಡಕ್ಕೋ ಬಲಕ್ಕೋ ಓರೆಯಾಗಿ ತಿರುಗಿಸಿ ಕ್ಲಿಕ್ ಮಾಡುತ್ತಾರೆ. ಬಸ್ಸಿನ ಕಿಟಕಿಯಿಂದ ನೀವು ಮೊಬೈಲ್‌ನಲ್ಲಿ ತೆಗೆಯುವ ಹಾಗೇ ಅಂದುಕೊಳ್ಳಿ.

ಬಸ್ಸು ಮಾತ್ರ ಸ್ವಲ್ಪ ಜೋರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು, ದಿನಕ್ಕೆ ಹೆಚ್ಚುಕಡಿಮೆ 16 ಸುತ್ತು. ಮೈಸೂರಿನಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 36 ಕಿ.ಮೀ. ಬಸ್ಸಿಗೆ ಒಂದು ಗಂಟೆ. ನಿಲ್ದಾಣ ಅದನ್ನು ಐದು ಸೆಕೆಂಡಿನಲ್ಲಿ ದಾಟುತ್ತದೆ. ಮೋಡ ಇಲ್ಲದ ಹೊತ್ತಿಗೆ, ಕಿಟಕಿಯ ಹತ್ತಿರ ಯಾರೋ ಇದ್ದು, ಅವರಿಗೆ ನಮ್ಮ ಕಡೆ ನೋಡಬೇಕು ಅನ್ನಿಸಿದ್ದರೆ ಮಾತ್ರ ನಮ್ಮೂರಿನ ಫೋಟೋ ಸಿಗುತ್ತದೆ. ಅದಕ್ಕೇ ಈ ಹುಡುಕಾಟಕ್ಕೆ ತಾಳ್ಮೆ ಬೇಕು.

ಜಾಸ್ತಿ ಫೋಟೋ ಬರುವುದು ಕ್ಯುಪೋಲಾ ಎಂಬ ಗುಮ್ಮಟದಂಥ ಜಾಗದಿಂದ. 2010ರಲ್ಲಿ ಜೋಡಿಸಿದ್ದು. ಸುತ್ತ ಆರು ಕಿಟಕಿ, ನಡುವೆ 80 ಸೆಂ.ಮೀ. ಅಗಲದ ಒಂದು ದುಂಡು ಕಿಟಕಿ. ಅಲ್ಲಿಂದ ದಿಗಂತದವರೆಗೆ ಎಲ್ಲ ಕಡೆ ಸುಮಾರು 2,300 ಕಿ.ಮೀ. ಕಾಣುತ್ತದೆ. ಅಂದರೆ ನಿಲ್ದಾಣ ಮೈಸೂರಿನ ನೆತ್ತಿಯ ಮೇಲಿದ್ದಾಗ, ಗಾಳಿ ತಿಳಿಯಾಗಿದ್ದರೆ, ಹಿಮಾಲಯವೂ ದಿಗಂತದ ಒಳಗೇ ಇರುತ್ತದೆ.

ಈಗ ಒಂದು ಲೆಕ್ಕ. ಇದನ್ನು ಮಕ್ಕಳಿಗೆ ಹೇಳಿಕೊಡಲು ನನಗೆ ಬಹಳ ಇಷ್ಟ. ಎತ್ತರ 400 ಕಿ.ಮೀ., ಲೆನ್ಸ್ 400 ಮಿ.ಮೀ. ಇದ್ದರೆ, ನೇರ ಕೆಳಗೆ ನೋಡಿದಾಗ ಕ್ಯಾಮೆರಾ ಒಳಗಿನ ಸೆನ್ಸರ್ ಮೇಲೆ 1 ಮಿ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಸೆನ್ಸರ್ ಅಳತೆ 36 × 24 ಮಿ.ಮೀ. ಹಾಗಾಗಿ ಫೋಟೋದಲ್ಲಿ ಹಿಡಿಸುವುದು 36 × 24 ಕಿ.ಮೀ. ನೆಲ. ಮೈಸೂರು ಮಂಡ್ಯ ಎರಡೂ ಬರಬೇಕಾದರೆ ಕ್ಯಾಮೆರಾವನ್ನು ತಿರುಗಿಸಿ ಹಿಡಿದು ಮೂಲೆಯಿಂದ ಮೂಲೆಗೆ ತುಂಬಿಸಬೇಕು. 800 ಮಿ.ಮೀ. ಲೆನ್ಸ್ ಆದರೆ 18 × 12 ಕಿ.ಮೀ., ಮೈಸೂರು ಪಟ್ಟಣ ಒಂದಕ್ಕೇ ಸರಿಹೋಯಿತು. 50 ಮಿ.ಮೀ. ಲೆನ್ಸ್ ಆದರೆ ಉದ್ದ 288 ಕಿ.ಮೀ., ಮಂಗಳೂರಿನ ಕಡಲಿಂದ ಬೆಂಗಳೂರಿನ ಹತ್ತಿರದವರೆಗೆ.

ಲೆನ್ಸ್ ಸಂಖ್ಯೆ ಪ್ರತಿ ಫೋಟೋದ ಪುಟದಲ್ಲೂ ಇರುತ್ತದೆ. ಹಾಗಾಗಿ ಫೋಟೋ ತೆರೆಯುವ ಮೊದಲೇ ಅದರಲ್ಲಿ ಎಷ್ಟು ನೆಲ ಹಿಡಿಸಿದೆ ಎಂದು ಅಂದಾಜು ಮಾಡಬಹುದು.

ಹೆಜ್ಜೆ 1: ಕಂಪ್ಯೂಟರ್ ಮುಟ್ಟುವ ಮೊದಲು ಗುರುತುಗಳನ್ನು ಬರೆದುಕೊಳ್ಳಿ

ಈ ಹೆಜ್ಜೆ ಬಿಟ್ಟವರೆಲ್ಲ ನನ್ನ ಹಾಗೆ ಕಬಿನಿಯನ್ನು ಕನ್ನಂಬಾಡಿ ಮಾಡುತ್ತಾರೆ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮ್ಯಾಪ್ ನೋಡದೆ, ಮೇಲಿಂದ ನಮ್ಮ ಸೀಮೆ ಹೇಗೆ ಕಾಣಬಹುದು ಎಂದು ಬರೆಯಿರಿ. ಆಮೇಲೆ ಉಪಗ್ರಹ ಮ್ಯಾಪ್ ತೆರೆದು ತಿದ್ದಿಕೊಳ್ಳಿ. ಬಾಹ್ಯಾಕಾಶದಿಂದ ಊರಿನ ಹೆಸರು ಕಾಣುವುದಿಲ್ಲ, ಜಿಲ್ಲೆಯ ಗಡಿ ಕಾಣುವುದಿಲ್ಲ. ನೀರು, ಕಾಡು, ಬೆಟ್ಟ, ಹಸಿರು, ಬರಡು ಇಷ್ಟೇ ಕಾಣುವುದು. ಊರು ಅಂದರೆ ಬೂದು ಬಣ್ಣದ ಒಂದು ಮಚ್ಚೆ.

ನಮ್ಮ ಕಡೆಗೆ ದೊಡ್ಡ ಗುರುತು ಕನ್ನಂಬಾಡಿಯ ನೀರು. ತುಂಬಿದಾಗ ಸುಮಾರು 130 ಚದರ ಕಿ.ಮೀ. ಕಟ್ಟೆ ಪೂರ್ವದ ತುದಿಯಲ್ಲಿದೆ. ಹಿನ್ನೀರು ಅಲ್ಲಿಂದ ಪಶ್ಚಿಮಕ್ಕೂ ವಾಯವ್ಯಕ್ಕೂ ಬೆರಳು ಚಾಚಿದ ಹಾಗೆ ಹರಡಿಕೊಂಡಿದೆ. ಹೇಮಾವತಿ, ಲಕ್ಷ್ಮಣತೀರ್ಥ ಬಂದು ಕಾವೇರಿಗೆ ಸೇರುವುದು ಇಲ್ಲೇ ಆದ್ದರಿಂದ ಆ ಬೆರಳುಗಳು. ಕಟ್ಟೆಯ ಕಡೆ ಮಾತ್ರ ಅಂಚು ಕತ್ತರಿಸಿದ ಹಾಗೆ ಇರುತ್ತದೆ. 1932ರಲ್ಲಿ ಮುಗಿದ ಈ ಕಟ್ಟೆಯ ಉದ್ದ ಸುಮಾರು 2.6 ಕಿ.ಮೀ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮ ಸ್ಕೇಲು.

ಎರಡನೇ ಗುರುತು ಆ ಹುಡುಗಿ ಕೇಳಿದ್ದು. ಕಟ್ಟೆಯಿಂದ ಹೊಳೆ ಪೂರ್ವಕ್ಕೆ ಇಳಿದು ಶ್ರೀರಂಗಪಟ್ಟಣದಲ್ಲಿ ಎರಡಾಗಿ ಸೀಳುತ್ತದೆ, ಸಂಗಮದಲ್ಲಿ ಕೂಡುತ್ತದೆ. ಫೋಟೋದಲ್ಲಿ ಅದು ಎಲೆಯಂತೆ ಕಾಣುತ್ತದೆ. ಒಂದು ಎಚ್ಚರ: ಶಿವನಸಮುದ್ರದಲ್ಲೂ ಹೊಳೆ ಎರಡಾಗುತ್ತದೆ. ಬರೀ ದ್ವೀಪ ನೋಡಿ ಪಟ್ಣ ಎನ್ನಬೇಡಿ. ಪಟ್ಣದ ಮೇಲೆ ಹತ್ತಿರದಲ್ಲೇ ದೊಡ್ಡ ನೀರು ಇರಬೇಕು. ಎರಡೂ ದ್ವೀಪಗಳ ನಡುವೆ, ತಿ. ನರಸೀಪುರದಲ್ಲಿ, ನೈಋತ್ಯದಿಂದ ಬರುವ ಕಬಿನಿ ಸೇರಬೇಕು.

ಮೈಸೂರಿಗೆ ಗುರುತು ಚಾಮುಂಡಿ ಬೆಟ್ಟ. ಬೂದು ಬಣ್ಣದ ಊರು, ಅದರ ಆಗ್ನೇಯ ಅಂಚಿನಲ್ಲಿ ಕಡು ಹಸಿರಿನ ಒಂದು ಗುಡ್ಡೆ. ಚಿತ್ರ ಚೆನ್ನಾಗಿದ್ದರೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಎರಡು ಚುಕ್ಕೆಗಳಂತೆ ಸಿಗುತ್ತವೆ. ಹೊರವರ್ತುಲ ರಸ್ತೆ ದಾರದ ಹಾಗೆ ಸುತ್ತ ಇರುತ್ತದೆ.

ಮಂಡ್ಯ ಪಟ್ಟಣ ನಿಜಕ್ಕೂ ಕಷ್ಟ. ಹತ್ತಿರ ದೊಡ್ಡ ಬೆಟ್ಟವಿಲ್ಲ, ದೊಡ್ಡ ಹೊಳೆಯಿಲ್ಲ. ಅದಕ್ಕೆ ಗುರುತು ವಿಶ್ವೇಶ್ವರಯ್ಯ ನಾಲೆ. ನಾಲೆಯೇ ಕಾಣದಿದ್ದರೂ ಅದು ಮಾಡಿದ ಕೆಲಸ ಕಾಣುತ್ತದೆ. ನಾಲೆಯ ಮೇಲುಗಡೆ ನೆಲ ಕಂದು, ಕೆಳಗಡೆ ಗದ್ದೆ ಮತ್ತು ಕಬ್ಬಿನ ಹಸಿರು. ಆ ಗೆರೆ ಚಾಕುವಿನಲ್ಲಿ ಕೊಯ್ದ ಹಾಗಿರುತ್ತದೆ. ನೀರು ಬಿಟ್ಟ ವರ್ಷ ಬಿಡದ ವರ್ಷ ಎರಡರ ಫೋಟೋ ಸಿಕ್ಕಿದರೆ ಪಕ್ಕಪಕ್ಕ ಇಟ್ಟು ನೋಡಿ. ಮಂಡ್ಯದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇನ್ನು ದೂರದ ಗುರುತುಗಳು. ನೈಋತ್ಯಕ್ಕೆ ನಾಗರಹೊಳೆಯ ಕಾಡು, ದಕ್ಷಿಣಕ್ಕೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಆಗ್ನೇಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಉದ್ದನೆ ಸಾಲು. ಫೆಬ್ರವರಿ ಮಾರ್ಚ್‌ನಲ್ಲಿ ಬಂಡೀಪುರ ಎಲೆ ಉದುರಿ ಕಂದಾಗಿರುತ್ತದೆ, ಆಗ ಕಾಡೆಲ್ಲಿ ಹೋಯಿತು ಎಂದು ಗಾಬರಿಯಾಗಬೇಡಿ. ಪಾಂಡವಪುರದ ಬಳಿ ತೊಣ್ಣೂರು ಕೆರೆ ಇನ್ನೊಂದು ಒಳ್ಳೆಯ ಗುರುತು.

ಹೆಜ್ಜೆ 2: ಹುಡುಕಾಟ

ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದವರು ಗಗನಯಾತ್ರಿಗಳ ಭೂಮಿ ಫೋಟೋಗಳನ್ನೆಲ್ಲ ಒಂದು ಕಡೆ ಇಟ್ಟಿದ್ದಾರೆ. ಹೆಸರು "ಗೇಟ್‌ವೇ ಟು ಆಸ್ಟ್ರೋನಾಟ್ ಫೋಟೋಗ್ರಫಿ ಆಫ್ ಅರ್ತ್". ಗೂಗಲ್‌ನಲ್ಲಿ ಈ ಹೆಸರು ಹಾಕಿದರೆ ಸಿಗುತ್ತದೆ. ಹಣ ಕೊಡಬೇಕಿಲ್ಲ. 1960ರ ದಶಕದಿಂದ ಇಲ್ಲಿಯವರೆಗಿನ ಲಕ್ಷಗಟ್ಟಲೆ ಫೋಟೋಗಳಿವೆ.

ಊರ ಹೆಸರು ಹಾಕಿ ಹುಡುಕಿದರೆ ಸಿಗುವುದು ಕಡಿಮೆ. ಅಲ್ಲಿ ಹೆಸರು ಬರೆಯುವವರು ಎಲ್ಲ ಫೋಟೋಗೂ ಬರೆದಿರುವುದಿಲ್ಲ. ಬರೆದಿದ್ದರೂ ಹಳೆಯ ಕಾಗುಣಿತ ಇರಬಹುದು, ಬರೀ "ಇಂಡಿಯಾ" ಎಂದೂ ಇರಬಹುದು. ಅಕ್ಷಾಂಶ ರೇಖಾಂಶ ಕೊಟ್ಟು ಹುಡುಕಿ. ಮೈಸೂರು ಸುಮಾರು 12.3 ಉತ್ತರ, 76.65 ಪೂರ್ವ. ಮಂಡ್ಯ 12.52 ಉತ್ತರ, 76.9 ಪೂರ್ವ. ಕನ್ನಂಬಾಡಿ ಕಟ್ಟೆ 12.42 ಉತ್ತರ, 76.57 ಪೂರ್ವ. ನಾನು 12ರಿಂದ 12.8, 76.2ರಿಂದ 77.2 ಎಂದು ಸ್ವಲ್ಪ ಧಾರಾಳವಾಗಿ ಕೊಡುತ್ತೇನೆ. ಮೊದಲು ಮೋಡದ ಪ್ರಮಾಣ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನವು ಬಹಳಷ್ಟು ಬಿಳಿ ಹತ್ತಿಯೇ. ಡಿಸೆಂಬರ್, ಜನವರಿ, ಫೆಬ್ರವರಿ ತೆರೆದು ನೋಡಿ.

ಸಿಕ್ಕ ಪ್ರತಿ ಫೋಟೋದ ನಂಬರನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮೂರು ಭಾಗ ಇರುತ್ತದೆ: ಯಾವ ಯಾತ್ರೆ, ಯಾವ ರೋಲು, ಎಷ್ಟನೇ ಫೋಟೋ. ನಿಲ್ದಾಣದ ಫೋಟೋಗಳಲ್ಲಿ ರೋಲಿನ ಜಾಗದಲ್ಲಿ "ಇ" ಎಂಬ ಅಕ್ಷರ ಇದ್ದರೆ ಅದು ಡಿಜಿಟಲ್ ಕ್ಯಾಮೆರಾದ್ದು. ಈ ನಂಬರ್ ಕಳೆದುಕೊಂಡರೆ ಅದೇ ಫೋಟೋ ಮತ್ತೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಇನ್ನೊಂದು ಉಪಾಯ: ಒಂದು ಒಳ್ಳೆಯ ಫೋಟೋ ಸಿಕ್ಕಿದರೆ ಅದರ ಹಿಂದಿನ ಮುಂದಿನ ನಂಬರ್‌ಗಳನ್ನೂ ತೆರೆಯಿರಿ. ಯಾರೂ ಒಂದೇ ಕ್ಲಿಕ್ ಮಾಡಿ ಸುಮ್ಮನಾಗುವುದಿಲ್ಲ. ನನಗೆ ಕನ್ನಂಬಾಡಿ ಸಿಕ್ಕಿದ್ದು ಹೀಗೇ, ನೀಲಗಿರಿಯ ಫೋಟೋದಿಂದ ನಾಲ್ಕು ನಂಬರ್ ಆಚೆ.

ಹೆಜ್ಜೆ 3: ಪುಟದ ವಿವರ ಓದುವುದು, ನಾನು ಮುಗ್ಗರಿಸಿದ ಜಾಗ

ಫೋಟೋದ ಪುಟದಲ್ಲಿ ಎರಡು ಜೋಡಿ ಅಕ್ಷಾಂಶ ರೇಖಾಂಶ ಇರಬಹುದು. ಒಂದು, ನಿಲ್ದಾಣದ ನೇರ ಕೆಳಗಿದ್ದ ಬಿಂದು. ಅದಕ್ಕೆ ನೇಡಿರ್ ಎಂದು ಹೆಸರು. ಇನ್ನೊಂದು, ಫೋಟೋದ ನಡುವೆ ಕಾಣುವ ಜಾಗ. ನಮಗೆ ಬೇಕಾದ್ದು ಎರಡನೆಯದು. ತೊಂದರೆ ಏನೆಂದರೆ ಎಷ್ಟೋ ಫೋಟೋಗಳಿಗೆ ಮೊದಲನೆಯದು ಮಾತ್ರ ಇರುತ್ತದೆ. ಅದನ್ನು ಕಂಪ್ಯೂಟರ್ ಸಮಯ ನೋಡಿ ತಾನೇ ಲೆಕ್ಕ ಹಾಕಬಹುದು. ನಡುವಿನ ಜಾಗವನ್ನು ಯಾರಾದರೂ ಕೂತು ಗುರುತಿಸಬೇಕು.

ನೇಡಿರ್ ಮೈಸೂರು ಎಂದಿದ್ದರೆ ಗಗನಯಾತ್ರಿ ಮೈಸೂರಿನ ಮೇಲಿದ್ದರು ಅಂತ ಮಾತ್ರ ಅರ್ಥ. ಅವರು ಕೇರಳದ ಕಡೆ ನೋಡುತ್ತಿದ್ದಿರಬಹುದು. ಬೆಂಗಳೂರು ಬಸ್ಸಿನಲ್ಲಿ ಮದ್ದೂರಿನಲ್ಲಿ ತೆಗೆದ ಸೆಲ್ಫಿಯಲ್ಲಿ ಮದ್ದೂರೇ ಇರಬೇಕೆಂದಿಲ್ಲ ಅಲ್ವಾ, ಹಾಗೆ.

ಇದರ ಜೊತೆ ನೋಡಬೇಕಾದ್ದು:

ಕ್ಯಾಮೆರಾದ ಓರೆ. ನೇರ ಕೆಳಗೆ, ಸ್ವಲ್ಪ ಓರೆ, ಪೂರ್ತಿ ಓರೆ ಎಂದು ಮೂರು ಬಗೆ. ಪೂರ್ತಿ ಓರೆಯಲ್ಲಿ ದಿಗಂತ ಕಾಣುತ್ತದೆ, ಚಿತ್ರ ಚೆಂದ, ಆದರೆ ಅಳತೆಗೆ ಬರುವುದಿಲ್ಲ. ನೇಡಿರ್‌ನಿಂದ ಫೋಟೋದ ನಡುಬಿಂದು ಯಾವ ದಿಕ್ಕಿಗಿದೆ ಎಂದೂ ಕೆಲವು ಪುಟದಲ್ಲಿ ಕೊಟ್ಟಿರುತ್ತಾರೆ, ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಸಮಯ. ಅಲ್ಲಿ ಕೊಡುವುದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿ. 05:00 ಎಂದಿದ್ದರೆ ನಮ್ಮಲ್ಲಿ ಬೆಳಗ್ಗೆ ಹತ್ತೂವರೆ. ಸೂರ್ಯ ಯಾವ ಕಡೆ, ಎಷ್ಟು ಎತ್ತರದಲ್ಲಿದ್ದ ಎಂಬುದೂ ಇರುತ್ತದೆ. ಸೂರ್ಯ ತಗ್ಗಿನಲ್ಲಿದ್ದರೆ ನೆರಳು ಉದ್ದ, ಬೆಟ್ಟಗಳು ಎದ್ದು ಕಾಣುತ್ತವೆ.

ಹೆಜ್ಜೆ 4: ತಿರುಗಿಸಿ ನೋಡಿ

ಫೋಟೋದ ಮೇಲ್ತುದಿ ಉತ್ತರ ಎಂದುಕೊಳ್ಳಲೇಬೇಡಿ. ಮೇಲೆ ಕೆಳಗೆ ಎಂಬುದೇ ಇಲ್ಲದ ಜಾಗದಲ್ಲಿ ತೆಗೆದ ಫೋಟೋ ಅದು. 1972ರ ಡಿಸೆಂಬರ್ 7ರಂದು ಚಂದ್ರನಿಗೆ ಹೊರಟಿದ್ದ ಅಪೋಲೋ 17 ನೌಕೆಯಿಂದ ತೆಗೆದ, "ಬ್ಲೂ ಮಾರ್ಬಲ್" ಎಂದು ಹೆಸರಾದ ಇಡೀ ಭೂಮಿಯ ಫೋಟೋ ಗೊತ್ತಲ್ಲ? ಮೂಲದಲ್ಲಿ ದಕ್ಷಿಣ ಧ್ರುವ ಮೇಲಿತ್ತು. ಜನರಿಗೆ ಒಗ್ಗಲಿ ಎಂದು ತಿರುಗಿಸಿ ಅಚ್ಚು ಹಾಕಿದರು. ಹಾಗೆ ತಿರುಗಿಸಿದ ಫೋಟೋದ ಬಲ ಮೇಲಂಚಿನಲ್ಲಿ ಆಗ ತಮಿಳುನಾಡಿಗೆ ಬಡಿದ ಚಂಡಮಾರುತದ ಮೋಡವೂ ಇದೆ. ನಮ್ಮ ಪಕ್ಕದ ಮನೆಯ ಮಳೆ.

ಫೋಟೋವನ್ನು ಕಂಪ್ಯೂಟರ್‌ನಲ್ಲಿ ತೆರೆದು, ಹೆಜ್ಜೆ 1ರ ನಕ್ಷೆ ಪಕ್ಕದಲ್ಲಿಟ್ಟುಕೊಂಡು, ಕನ್ನಂಬಾಡಿಯ ಕಟ್ಟೆ ಪೂರ್ವಕ್ಕೆ ಬರುವವರೆಗೂ ತಿರುಗಿಸಿ. ಆಮೇಲೆ ಎಲೆ ಆಕಾರದ ದ್ವೀಪ, ಆಮೇಲೆ ಚಾಮುಂಡಿ. ಮೂರು ಗುರುತು ಒಂದಕ್ಕೊಂದು ಸರಿಯಾದ ದಿಕ್ಕಿನಲ್ಲಿ ಸಿಗದೆ "ಇದು ನಮ್ಮದು" ಎನ್ನಬೇಡಿ. ಎರಡು ಸಾಲದು. ನನ್ನ ಕಬಿನಿ ಫೋಟೋದಲ್ಲಿ ಜಲಾಶಯವೂ ಇತ್ತು, ಪಕ್ಕದಲ್ಲಿ ಕಾಡೂ ಇತ್ತು!

ಇಲ್ಲಿ ಕಣ್ಣಿನದೊಂದು ಮೋಸ ಇದೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮೆದುಳು ನಂಬಿಕೊಂಡಿದೆ. ವರ್ಷದ ಬಹುಪಾಲು ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣದಲ್ಲಿರುತ್ತಾನೆ, ನೆರಳು ಉತ್ತರಕ್ಕೆ. ಉತ್ತರವನ್ನು ಮೇಲಿಟ್ಟರೆ ಬೆಳಕು ಕೆಳಗಿನಿಂದ ಬಂದ ಹಾಗಾಗಿ, ಬೆಟ್ಟ ಹಳ್ಳದಂತೆ, ಹಳ್ಳ ಬೆಟ್ಟದಂತೆ ಕಾಣುತ್ತದೆ. ಬಿಳಿಗಿರಿರಂಗನ ಬೆಟ್ಟ ನನಗೆ ಒಮ್ಮೆ ಆಳವಾದ ಕಣಿವೆಯಂತೆ ಕಂಡಿತ್ತು. ಫೋಟೋವನ್ನು ತಲೆಕೆಳಗು ಮಾಡಿದರೆ ಬೆಟ್ಟ ಪಟಕ್ಕನೆ ಎದ್ದು ನಿಲ್ಲುತ್ತದೆ. ಮಕ್ಕಳು ಇದನ್ನೇ ಹತ್ತು ಸಲ ಮಾಡಿಸುತ್ತಾರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುವುದರಿಂದ ಆಗ ಇದು ಉಲ್ಟಾ. ಆದರೆ ಆ ತಿಂಗಳುಗಳಲ್ಲಿ ಮೋಡ ಬಿಡಬೇಕಲ್ಲ.

ಇನ್ನೊಂದು ಮಜಾ, ನೀರಿನ ಹೊಳಪು. ಸೂರ್ಯನ ಬೆಳಕು ನೀರಿಗೆ ಬಿದ್ದು ನೇರ ಕ್ಯಾಮೆರಾಕ್ಕೆ ಹಾರಿದರೆ ಕಪ್ಪಾಗಿರಬೇಕಾದ ಕೆರೆ ಬೆಳ್ಳಿಯಾಗುತ್ತದೆ. ಅಂಥ ಫೋಟೋದಲ್ಲಿ ಸಣ್ಣ ಸಣ್ಣ ಕೆರೆಗಳೆಲ್ಲ ನೆಲಕ್ಕೆ ಅಕ್ಕಿ ಚೆಲ್ಲಿದ ಹಾಗೆ ಮಿನುಗುತ್ತವೆ. ಕೆರೆ ಎಣಿಸಲು ಇದಕ್ಕಿಂತ ಒಳ್ಳೆಯ ಫೋಟೋ ಇಲ್ಲ.

ಹೆಜ್ಜೆ 5: ಅಳೆಯುವುದು, ಮಬ್ಬು ತೆಗೆಯುವುದು

ಅಳತೆ ಸುಲಭ. ಕಟ್ಟೆಯ ಎರಡು ತುದಿಗಳ ನಡುವೆ ಎಷ್ಟು ಪಿಕ್ಸೆಲ್ ಎಂದು ನೋಡಿ. 2.6 ಕಿ.ಮೀ. ಅನ್ನು ಅದರಿಂದ ಭಾಗಿಸಿ. 400 ಮಿ.ಮೀ. ಲೆನ್ಸಿನ, ನೇರ ಕೆಳಗಿನ ಫೋಟೋದಲ್ಲಿ ನಿಕಾನ್ ಡಿ4ನಂಥ ಕ್ಯಾಮೆರಾದಲ್ಲಿ ಕಟ್ಟೆ ಸುಮಾರು 350 ಪಿಕ್ಸೆಲ್ ಬರಬೇಕು, ಅಂದರೆ ಪಿಕ್ಸೆಲ್‌ಗೆ ಏಳು ಮೀಟರ್ ಚಿಲ್ಲರೆ. ಮೈಸೂರು ಅರಮನೆ ಇದರಲ್ಲಿ ಹತ್ತು ಪಿಕ್ಸೆಲ್‌ನ ಒಂದು ಚುಕ್ಕೆ. ನಿಮ್ಮ ಮನೆ ಒಂದೋ ಎರಡೋ ಪಿಕ್ಸೆಲ್, ಅದನ್ನು ಹುಡುಕುವ ಆಸೆ ಬಿಡಿ. ಮನೆಯ ಹತ್ತಿರದ ಕೆರೆ ಹುಡುಕಿ.

ಫೋಟೋ ನೀಲಿ ನೀಲಿಯಾಗಿ ಮಂಕಾಗಿರುತ್ತದೆ. ಕ್ಯಾಮೆರಾಕ್ಕೂ ನೆಲಕ್ಕೂ ನಡುವೆ ಇಡೀ ವಾತಾವರಣ ಇದೆ, ಅದು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ. ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ "ಲೆವೆಲ್ಸ್" ತೆರೆಯಿರಿ. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ಆರಿಸಿ, ಎಡಗಡೆಯ ಕಪ್ಪು ತ್ರಿಕೋನವನ್ನು ಗುಡ್ಡದಂಥ ಗ್ರಾಫ್ ಶುರುವಾಗುವ ಜಾಗಕ್ಕೆ ಎಳೆಯಿರಿ. ನೀಲಿಯಲ್ಲಿ ಜಾಸ್ತಿ ಎಳೆಯಬೇಕಾಗುತ್ತದೆ. ಅಷ್ಟೇ, ಪರದೆ ಸರಿದ ಹಾಗಾಗುತ್ತದೆ. ಬಣ್ಣ ಹೆಚ್ಚಿಸುವ ಬಟನ್ ಮುಟ್ಟಬೇಡಿ. ಮಂಡ್ಯದ ಗದ್ದೆ ಗಿಳಿ ಹಸಿರಾದರೆ ನೋಡಿದವರು ನಂಬುವುದಿಲ್ಲ.

ರಾತ್ರಿಯ ಫೋಟೋ ಬಗ್ಗೆ ಎರಡು ಮಾತು

"ದಸರಾ ದೀಪ ಮೇಲಿಂದ ಕಾಣುತ್ತಾ ಸಾರ್?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಊರಿನ ಬೆಳಕು ಖಂಡಿತ ಕಾಣುತ್ತದೆ. ಆದರೆ ಆ ಹತ್ತು ದಿನದಲ್ಲಿ, ದೀಪ ಉರಿಯುವ ಆ ಕೆಲವೇ ಗಂಟೆಯಲ್ಲಿ ನಿಲ್ದಾಣ ನಮ್ಮ ಮೇಲೆ ಬರಬೇಕು, ಮೋಡ ಇರಬಾರದು, ಕಿಟಕಿಯಲ್ಲಿ ಯಾರಾದರೂ ಇರಬೇಕು. ಜೊತೆಗೆ ಕೈ ನಡುಗಬಾರದು. ಕತ್ತಲಲ್ಲಿ ಶಟರ್ ತುಂಬ ಹೊತ್ತು ತೆರೆದಿಡಬೇಕು. ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿಟ್ಟರೂ ಕೆಳಗಿನ ನೆಲ ಸುಮಾರು 700 ಮೀಟರ್ ಸರಿದುಹೋಗಿರುತ್ತದೆ. ದೀಪದ ಬದಲು ಗೆರೆ ಬರುತ್ತದೆ. ಡಾನ್ ಪೆಟಿಟ್ ಎಂಬ ಗಗನಯಾತ್ರಿ 2003ರಲ್ಲಿ ನಿಲ್ದಾಣದಲ್ಲಿ ಸಿಕ್ಕ ಬಿಡಿಭಾಗ, ಒಂದು ಡ್ರಿಲ್ಲಿಂಗ್ ಮೆಷಿನ್ ಸೇರಿಸಿ, ಕ್ಯಾಮೆರಾವನ್ನು ನೆಲದ ಓಟಕ್ಕೆ ಸರಿಯಾಗಿ ತಿರುಗಿಸುವ ಸಾಧನ ತಾವೇ ಮಾಡಿಕೊಂಡರು. ಊರುಗಳ ರಾತ್ರಿ ಫೋಟೋ ಸ್ಪಷ್ಟವಾಗಿ ಬಂದದ್ದು ಆಗ. ನಮ್ಮ ಗ್ಯಾರೇಜಿನವರಿಗೆ ಈ ಕಥೆ ಹೇಳಿ, ಇಷ್ಟಪಡುತ್ತಾರೆ.

ರಾತ್ರಿ ಫೋಟೋದಲ್ಲಿ ಹಳೆಯ ಸೋಡಿಯಂ ದೀಪ ಕಿತ್ತಳೆ, ಎಲ್‌ಇಡಿ ಬಿಳಿ.

ಹೆಜ್ಜೆ 6: ಕೆಲಸದಲ್ಲಿರುವವರ ಫೋಟೋ ಓದುವುದು

ಬರೀ ಭೂಮಿಯ ಫೋಟೋ ಹಾಕಿದರೆ ಮಕ್ಕಳು ಹತ್ತು ನಿಮಿಷ ನೋಡುತ್ತಾರೆ. ಅದನ್ನು ತೆಗೆದವರ ಫೋಟೋ ಪಕ್ಕದಲ್ಲಿಟ್ಟರೆ ಗಂಟೆ ನಿಲ್ಲುತ್ತಾರೆ. ಈ ಫೋಟೋಗಳು ನಾಸಾದ ಚಿತ್ರ ಸಂಗ್ರಹದಲ್ಲಿ ಬೇರೆಯಾಗಿ ಸಿಗುತ್ತವೆ. ಓದಲು ಇಲ್ಲಿಂದ ಶುರು ಮಾಡಿ.

ಹೊರಗೆ ನಡೆದಾಡುವವರ ಕಾಲು ನೋಡಿ. ಬಿಳಿ ಸೂಟಿನ ಮೇಲೆ ಕೆಂಪು ಪಟ್ಟಿ ಇದ್ದರೆ ಅವರು ಅಂದಿನ ಕೆಲಸದ ಮುಖ್ಯಸ್ಥರು, ಪಟ್ಟಿ ಇಲ್ಲದವರು ಜೊತೆಗಾರರು. ಅಪೋಲೋ ಕಾಲದ ಮೊದಲ ಫೋಟೋಗಳಲ್ಲಿ ಯಾರು ಯಾರೆಂದು ಗೊತ್ತಾಗದೆ ಒದ್ದಾಡಿದ ಮೇಲೆ ಬಂದ ಪದ್ಧತಿ ಇದು. ರಷ್ಯಾದ ಸೂಟಿನಲ್ಲಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ.

ಎದೆಯ ಮೇಲಿನ ಪೆಟ್ಟಿಗೆಯಲ್ಲಿ ಅಕ್ಷರಗಳು ಉಲ್ಟಾ ಇವೆ, ಗಮನಿಸಿ. ಮುದ್ರಣದ ತಪ್ಪಲ್ಲ. ಹೆಲ್ಮೆಟ್ ಹಾಕಿಕೊಂಡು ಬಗ್ಗಿ ಎದೆ ನೋಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಮಣಿಕಟ್ಟಿನಲ್ಲಿ ಕನ್ನಡಿ ಕಟ್ಟಿಕೊಂಡು ಅದರಲ್ಲಿ ಓದುತ್ತಾರೆ. ಆಂಬುಲೆನ್ಸ್ ಮುಂದೆ ಹೆಸರು ತಿರುಗಿಸಿ ಬರೆದಿರುವುದು ಮಕ್ಕಳಿಗೆ ಗೊತ್ತು, ತಕ್ಷಣ ಹಿಡಿಯುತ್ತಾರೆ. ಫೋಟೋ ಮುಂದೆ ಒಂದು ಸಣ್ಣ ಕನ್ನಡಿ ನೇತುಹಾಕಿ, ಅವರೇ ಓದಲಿ.

ಆಮೇಲೆ ಹಗ್ಗ ಎಲ್ಲಿದೆ ಹುಡುಕಿಸಿ. ನಿಲ್ದಾಣದ ಹೊರಗೆ ಯಾರೂ ಕಟ್ಟಿಕೊಳ್ಳದೆ ಇರುವುದಿಲ್ಲ, ಉಪಕರಣವೂ ಅಷ್ಟೇ. ಹಗ್ಗವೇ ಇಲ್ಲದ ಪ್ರಸಿದ್ಧ ಫೋಟೋ 1984ರ ಫೆಬ್ರವರಿ 7ರದು. ಬ್ರೂಸ್ ಮೆಕ್‌ಕ್ಯಾಂಡ್ಲೆಸ್ ಬೆನ್ನಿಗೆ ಅನಿಲ ಚಿಮ್ಮುವ ಯಂತ್ರ ಕಟ್ಟಿಕೊಂಡು ನೌಕೆಯಿಂದ ಸುಮಾರು 100 ಮೀಟರ್ ದೂರ ಹೋದದ್ದು. ಸುತ್ತ ಕಪ್ಪು, ಕೆಳಗೆ ನೀಲಿ ಭೂಮಿ, ನಡುವೆ ಒಬ್ಬರೇ.

ಚಿನ್ನದ ಲೇಪದ ಹೆಲ್ಮೆಟ್ ಗಾಜಿನಲ್ಲಿ ಫೋಟೋ ತೆಗೆದವರು ಕಾಣುತ್ತಾರೆ. ಚಂದ್ರನ ಮೇಲೆ ನಿಂತ ಬಜ್ ಆಲ್ಡ್ರಿನ್ ಫೋಟೋವನ್ನು ದೊಡ್ಡದು ಮಾಡಿದರೆ ಗಾಜಿನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಇದ್ದಾರೆ. ಕ್ಯಾಮೆರಾ ಹೆಚ್ಚು ಹೊತ್ತು ಅವರ ಬಳಿಯೇ ಇದ್ದದ್ದರಿಂದ ಚಂದ್ರನ ಮೇಲೆ ಅವರದೇ ಒಳ್ಳೆಯ ಫೋಟೋ ಕಡಿಮೆ. ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಮಾವನ ಕಥೆ.

"ನಕ್ಷತ್ರ ಯಾಕಿಲ್ಲ, ಹಾಗಾದರೆ ಸುಳ್ಳಾ?" ಈ ಪ್ರಶ್ನೆ ಬಂದೇ ಬರುತ್ತದೆ. ಬಿಸಿಲಲ್ಲಿ ಹೊಳೆಯುವ ಬಿಳಿ ಸೂಟಿಗೆ ಸರಿಯಾಗಿ ಶಟರ್ ಇಟ್ಟರೆ ಮಂಕು ನಕ್ಷತ್ರ ಹಿಡಿಯುವುದಿಲ್ಲ. ರಾತ್ರಿ ಹೊನಲು ಬೆಳಕಿನ ಕಬಡ್ಡಿ ಪಂದ್ಯದ ಫೋಟೋ ಮೊಬೈಲ್‌ನಲ್ಲಿ ತೆಗೆದು ತೋರಿಸಿ, ಅದರಲ್ಲೂ ನಕ್ಷತ್ರ ಇರುವುದಿಲ್ಲ.

ನಮ್ಮವರ ಫೋಟೋ ಒಂದೆರಡು ಇರಲೇಬೇಕು. 1984ರ ಏಪ್ರಿಲ್‌ನಲ್ಲಿ ಸಲ್ಯೂತ್ 7 ನಿಲ್ದಾಣಕ್ಕೆ ಹೋದ ರಾಕೇಶ್ ಶರ್ಮಾ ಅವರ ಕೆಲಸಗಳಲ್ಲಿ ಭಾರತದ ನೆಲದ ಫೋಟೋ ತೆಗೆಯುವುದೂ ಒಂದು. 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ಶುಭಾಂಶು ಶುಕ್ಲಾ ಅವರು ಕ್ಯುಪೋಲಾದಿಂದ ಕೆಳಗೆ ನೋಡುತ್ತಿರುವ ಫೋಟೋಗಳು ಬಂದಿವೆ. ಅವರು ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಅದನ್ನು ಮೊಳಕೆ ಕಾಳಿನ ಬಟ್ಟಲಿನ ಜೊತೆ ಇಟ್ಟರೆ ಅಡುಗೆಮನೆಯ ಅಮ್ಮಂದಿರೂ ಬಂದು ನೋಡುತ್ತಾರೆ, ನಮ್ಮಲ್ಲಿ ಬಂದರು.

ಹೆಜ್ಜೆ 7: ವಾಟ್ಸಾಪ್ ಫೋಟೋ ಬೇಡ

ಪ್ರತಿ ದೀಪಾವಳಿಗೆ "ಬಾಹ್ಯಾಕಾಶದಿಂದ ಭಾರತ" ಎಂದು ಬಣ್ಣಬಣ್ಣದ ಒಂದು ಚಿತ್ರ ಓಡಾಡುತ್ತದೆ. ಅದು ದೀಪಾವಳಿಯದ್ದಲ್ಲ, ಒಂದು ರಾತ್ರಿಯದ್ದೂ ಅಲ್ಲ. ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳನ್ನು ಸೇರಿಸಿ, ಊರುಗಳ ಬೆಳಕು ಹೇಗೆ ಬೆಳೆಯಿತು ಎಂದು ಬಣ್ಣದಲ್ಲಿ ತೋರಿಸಿದ್ದು. ನಮ್ಮ ನಿಯಮ ಒಂದೇ: ಫೋಟೋ ನಂಬರ್ ಇಲ್ಲದಿದ್ದರೆ ಗೋಡೆಗೆ ಇಲ್ಲ.

ಹೆಜ್ಜೆ 8: ಪ್ರಿಂಟು ಮತ್ತು ಗೋಡೆ

ನಾಸಾದ ಫೋಟೋಗಳನ್ನು ಶಾಲೆಯಲ್ಲಿ ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನಾಸಾ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಕೃಪೆ ಎಂದು ಬರೆದು ಫೋಟೋ ನಂಬರ್ ಹಾಕಿ. ಅವರ ಲಾಂಛನವನ್ನು ನಿಮ್ಮ ಬ್ಯಾನರ್‌ಗೆ ಹಾಕಬೇಡಿ. ಬೇರೆ ಸಂಸ್ಥೆಗಳ ಫೋಟೋಗೆ ಅವರವರ ಷರತ್ತು ಓದಿಕೊಳ್ಳಿ.

ಎ3 ಅಳತೆಗೆ ಸುಮಾರು 4,960 × 3,500 ಪಿಕ್ಸೆಲ್ ಇದ್ದರೆ ಅಚ್ಚುಕಟ್ಟು. ಸ್ವಲ್ಪ ದೂರದಿಂದ ನೋಡುವ ಗೋಡೆಗೆ ಅದರ ಮೂರನೇ ಎರಡು ಭಾಗ ಇದ್ದರೂ ನಡೆಯುತ್ತದೆ. ಪುಟದಲ್ಲಿ ಮೊದಲು ಕಾಣುವ ಸಣ್ಣ ಚಿತ್ರವನ್ನೇ ಉಳಿಸಿಕೊಂಡು ಅಂಗಡಿಗೆ ಓಡಬೇಡಿ, ದೊಡ್ಡ ಫೈಲ್ ಇಳಿಸಿಕೊಳ್ಳಿ. ಫ್ಲೆಕ್ಸ್ ಅಗ್ಗ, ಆದರೆ ಕಪ್ಪು ಬಣ್ಣ ಬೂದಿಯಾಗುತ್ತದೆ. ನನ್ನ ಮೊದಲ ಪ್ರಿಂಟಿನಲ್ಲಿ ಅಂಗಡಿಯವರು "ಕತ್ತಲಾಗಿದೆ ಸಾರ್, ಬ್ರೈಟ್ ಮಾಡಿಕೊಟ್ಟಿದ್ದೀನಿ" ಎಂದು ಪ್ರೀತಿಯಿಂದ ಆಕಾಶವನ್ನೇ ಬೆಳಗಿಸಿಕೊಟ್ಟಿದ್ದರು. ಫೋಟೋ ಪೇಪರ್ ಮೇಲೆ ತೆಗೆಸಿ, ಏನೂ ತಿದ್ದಬೇಡಿ ಎಂದು ಮೊದಲೇ ಹೇಳಿ.

ಗೋಡೆಯಲ್ಲಿ ದೂರದಿಂದ ಹತ್ತಿರಕ್ಕೆ ಬನ್ನಿ. ಮೊದಲು ಅಪೋಲೋದ ಇಡೀ ಭೂಮಿ. ಆಮೇಲೆ 1966ರಲ್ಲಿ ಜೆಮಿನಿ 11 ನೌಕೆಯಿಂದ ತೆಗೆದ, ದಕ್ಷಿಣ ಭಾರತ ಮತ್ತು ಶ್ರೀಲಂಕಾ ಒಟ್ಟಿಗೆ ಇರುವ ಫೋಟೋ. ಆಮೇಲೆ ದಿಗಂತದವರೆಗಿನ ಓರೆ ಫೋಟೋ. ಕೊನೆಗೆ ಕನ್ನಂಬಾಡಿ. ಅದರ ಕೆಳಗೆ ಊರ ಹೆಸರು ಬರೆಯಬೇಡಿ. ಒಂದು ಡಬ್ಬಿ ಗುಂಡುಸೂಜಿ, ಚೂರು ಕಾಗದ ಇಡಿ. ಮಕ್ಕಳು ಅವರವರ ಊರನ್ನು ಅವರೇ ಚುಚ್ಚಲಿ.

ನಮ್ಮಲ್ಲಿ ಮೊದಲ ವಾರವೇ ಜಗಳ. ಪಕ್ಕಪಕ್ಕದ ಎರಡು ಹಳ್ಳಿಯ ಹುಡುಗರು ಒಂದೇ ಕೆರೆಗೆ ಸೂಜಿ ಚುಚ್ಚಿ, ನಮ್ಮದು ನಮ್ಮದು ಎಂದರು. ಕಬಿನಿ ಕಂಡುಹಿಡಿದ ಹುಡುಗಿಯೇ ನ್ಯಾಯ ಹೇಳಿದಳು. ಕೆರೆಯ ಏರಿ ಇರುವ ಕಡೆ ಅಂಚು ನೇರ, ನೀರು ಬಂದು ಸೇರುವ ಕಡೆ ಚೂಪು. ಫೋಟೋದಲ್ಲಿ ನೇರ ಅಂಚು ಪೂರ್ವಕ್ಕಿದೆ. ನಿಮ್ಮಿಬ್ಬರ ಕೆರೆಗಳ ಏರಿ ಯಾವ ಕಡೆ ಇದೆ ಹೇಳಿ ಎಂದಳು. ಇಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಭಾನುವಾರ ಸೈಕಲ್ ಹತ್ತಿ, ಮೊಬೈಲ್‌ನ ದಿಕ್ಸೂಚಿ ಹಿಡಿದು ಎರಡೂ ಏರಿಯ ಮೇಲೆ ನಿಂತು ನೋಡಿ ಬಂದರು. ಸೋಮವಾರ ಒಂದು ಸೂಜಿ ತಾನಾಗೇ ಎರಡು ಇಂಚು ಪಕ್ಕಕ್ಕೆ ಹೋಗಿತ್ತು.